ಪದೇ ಪದೇ ಕೆಟ್ಟು ನಿಲ್ಲುವ ರೋಲರ್ ಕೋಸ್ಟರ್‌ಗಳನ್ನು ಪಾರ್ಕ್‌ಗಳು ಕೈಬಿಡುವುದು ಸರಿಯೇ?

ಪ್ರಶ್ನೆ: ಹಳಿಪ್ರಿಯ

ಗೆಳೆಯರೇ,

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕ್‌ನ ಕಿಂಗ್ಡಾ ಕಾ ಎಂಬ ರೋಲರ್ ಕೋಸ್ಟರನ್ನು 2025ರ ಫೆಬ್ರುವರಿ 28ರಂದು ಸ್ಫೋಟಕಗಳನ್ನಿಟ್ಟು ಉರುಳಿಸಿದ ದೃಶ್ಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ನಾನು ಒಮ್ಮೆ ನೋಡಿದೆ. ಎರಡನೆಯ ಸಲ ನೋಡಲು ಮನಸ್ಸಾಗಲಿಲ್ಲ. ಹತ್ತೊಂಬತ್ತು ವರ್ಷ ಜಗತ್ತಿನ ಅತಿ ಎತ್ತರದ ಕೋಸ್ಟರ್ ಎನಿಸಿಕೊಂಡಿದ್ದ 139 ಮೀಟರ್‌ಗಳ ಗೋಪುರ ಕೆಲವೇ ಕ್ಷಣಗಳಲ್ಲಿ ನೆಲ ಕಚ್ಚಿತು.

ಅದು ಹೋದದ್ದಕ್ಕಿಂತ ಹೋದ ರೀತಿ ನನ್ನನ್ನು ಹೆಚ್ಚು ಕಾಡುತ್ತಿದೆ. ಅದು ಕೊನೆಯ ಬಾರಿಗೆ ಓಡಿದ್ದು 2024ರ ನವೆಂಬರ್ 10ರಂದು. ಇನ್ನು ಓಡುವುದಿಲ್ಲವೆಂದು ಪಾರ್ಕ್‌ನವರು ಅಧಿಕೃತವಾಗಿ ತಿಳಿಸಿದ್ದು ನವೆಂಬರ್ 14ರಂದು. ಗಾಳಿಮಾತು ಮೊದಲೇ ಹಬ್ಬಿತ್ತು ನಿಜ, ಆದರೆ ಗಾಳಿಮಾತನ್ನು ನಂಬಿ ದೂರದಿಂದ ಹೊರಟು ಬರುವವರು ಎಷ್ಟು ಮಂದಿ? ಆ ಕೊನೆಯ ದಿನ ಅದರಲ್ಲಿ ಕುಳಿತಿದ್ದ ಬಹಳ ಜನರಿಗೆ ತಾವು ಕುಳಿತಿರುವುದು ಕೊನೆಯ ಓಟದಲ್ಲಿ ಎಂಬುದು ಖಚಿತವಾಗಿ ತಿಳಿದಿರಲಿಲ್ಲ.

ನಾನು ಅದನ್ನು ಹತ್ತಿದ್ದು ಒಂದೇ ಒಂದು ಸಲ. ಗಾಡಿ ನಿಧಾನವಾಗಿ ಉಡಾವಣೆಯ ಜಾಗಕ್ಕೆ ಬಂದು ನಿಂತಿತು, ತುಸು ಹಿಂದಕ್ಕೆ ಸರಿಯಿತು, ಮುಂದಿನ ಹಳಿಯ ಉದ್ದಕ್ಕೂ ಎದ್ದು ನಿಂತಿದ್ದ ಬ್ರೇಕ್ ಫಲಕಗಳು ಕೆಳಗಿಳಿದವು. ಆಮೇಲೆ ಏನೂ ಆಗದ ಕೆಲವು ಕ್ಷಣಗಳಿದ್ದವು. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ವ್ಯಕ್ತಿ ಆ ಕ್ಷಣಗಳಲ್ಲಿ ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದರು. ಅವರು ಏನು ಹೇಳಬೇಕೆಂದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ, ಏಕೆಂದರೆ ಅಷ್ಟರಲ್ಲಿ ನಾವು ಹೊರಟುಬಿಟ್ಟಿದ್ದೆವು. ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗ. ಇಡೀ ಸವಾರಿ ಅರ್ಧ ನಿಮಿಷದ್ದೂ ಅಲ್ಲ. ಇಳಿದ ಮೇಲೆ ಆ ವ್ಯಕ್ತಿ ನನ್ನ ಕೈಯನ್ನು ಗಟ್ಟಿಯಾಗಿ ಕುಲುಕಿ, ಮಾತಾಡದೆ ಹೊರಟುಹೋದರು.

ಈ ವಿಷಯದಲ್ಲಿ ನನ್ನ ಆಪ್ತರೊಬ್ಬರು ನನ್ನೊಂದಿಗೆ ಸಹಮತ ಹೊಂದಿಲ್ಲ. ತಿಂಗಳುಗಟ್ಟಲೆ ದುರಸ್ತಿಯಲ್ಲಿರುವ, ಸ್ವಲ್ಪ ಗಾಳಿ ಬೀಸಿದರೆ ನಿಲ್ಲುವ, ಜನರನ್ನು ಸಾಲಿನಲ್ಲಿ ನಿಲ್ಲಿಸಿ ನಿರಾಶೆಗೊಳಿಸುವ ಯಂತ್ರಕ್ಕಾಗಿ ಕಣ್ಣೀರು ಹಾಕುವುದರಲ್ಲಿ ಅರ್ಥವಿಲ್ಲ, ಅಂಥದ್ದನ್ನು ತೆಗೆದು ದಿನವೂ ಓಡುವಂಥದ್ದನ್ನು ಕಟ್ಟುವುದೇ ಸರಿ ಎಂಬುದು ಅವರ ನಿಲುವು. ಅವರ ಮಾತನ್ನು ತಳ್ಳಿಹಾಕಲು ನನ್ನ ಬಳಿ ಸಮರ್ಥ ಉತ್ತರವಿಲ್ಲ, ಒಪ್ಪಿಕೊಳ್ಳಲು ಮನಸ್ಸೂ ಬರುತ್ತಿಲ್ಲ. ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಇಂತಹ ಯಂತ್ರಗಳು ಏಕೆ ಹೀಗೆ ಪದೇ ಪದೇ ಕೈಕೊಡುತ್ತವೆ? ಅವುಗಳನ್ನು ಉಳಿಸಿಕೊಳ್ಳಲು ನಿಜವಾಗಿಯೂ ದಾರಿಯಿರಲಿಲ್ಲವೇ? ಮತ್ತು ಅಭಿಮಾನಿಗಳಾದ ನಾವು ಪಾರ್ಕ್‌ನವರಿಂದ ಏನನ್ನು ನಿರೀಕ್ಷಿಸುವುದು ನ್ಯಾಯ?

ಉತ್ತರ 1: ಹಳೆಯ ಮೆಕ್ಯಾನಿಕ್

ಹಳಿಪ್ರಿಯ ಅವರೇ, ನಾನು ಹದಿನಾಲ್ಕು ವರ್ಷ ಪಾರ್ಕ್ ಒಂದರ ನಿರ್ವಹಣಾ ವಿಭಾಗದಲ್ಲಿ ಕೆಲಸ ಮಾಡಿದವನು. ಅದರಲ್ಲಿ ಆರು ವರ್ಷ ಕಳೆದದ್ದು ಹೈಡ್ರಾಲಿಕ್ ಉಡಾವಣೆಯ ಕೋಸ್ಟರ್ ಒಂದರ ಜೊತೆ. ಆದ್ದರಿಂದ ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ನನ್ನ ಅನುಭವದಿಂದ ಉತ್ತರಿಸಬಲ್ಲೆ.

ಎಲ್ಲಕ್ಕಿಂತ ಮೊದಲು, ಪದೇ ಪದೇ ನಿಲ್ಲುವ ಕೋಸ್ಟರ್ ಬೇರೆ, ಅಪಾಯಕಾರಿ ಕೋಸ್ಟರ್ ಬೇರೆ. ಇವೆರಡನ್ನೂ ಜನ ಒಂದೇ ಎಂದು ಭಾವಿಸುತ್ತಾರೆ. ಕೆಲಸದಲ್ಲಿದ್ದಾಗ ನನಗೆ ಅತ್ಯಂತ ಬೇಸರ ತರಿಸುತ್ತಿದ್ದ ಸಂಗತಿ ಇದೇ. ಕೋಸ್ಟರ್‌ನ ಹಳಿಯನ್ನು ಬ್ಲಾಕ್‌ಗಳೆಂಬ ಭಾಗಗಳಾಗಿ ವಿಂಗಡಿಸಿರುತ್ತಾರೆ, ಒಂದು ಬ್ಲಾಕ್‌ನಲ್ಲಿ ಒಂದು ಗಾಡಿ ಇರುವಷ್ಟು ಹೊತ್ತು ಇನ್ನೊಂದು ಗಾಡಿ ಅದರೊಳಗೆ ಬರುವಂತಿಲ್ಲ. ಗಾಡಿ ಎಲ್ಲಿದೆ, ಬ್ರೇಕ್ ಯಾವ ಸ್ಥಿತಿಯಲ್ಲಿದೆ, ಪ್ರತಿಯೊಂದು ಆಸನದ ಸರಳು ಸರಿಯಾಗಿ ಬಿಗಿದಿದೆಯೇ ಎಂಬುದನ್ನೆಲ್ಲ ಸೆನ್ಸರ್‌ಗಳು ಕ್ಷಣಕ್ಷಣಕ್ಕೂ ನಿಯಂತ್ರಣ ಕಂಪ್ಯೂಟರ್‌ಗೆ ತಿಳಿಸುತ್ತಿರುತ್ತವೆ. ಎರಡು ಸೆನ್ಸರ್‌ಗಳು ಹೇಳುವುದು ಒಂದಕ್ಕೊಂದು ತಾಳೆಯಾಗದಿದ್ದರೆ, ಯಾವುದು ಸರಿ ಎಂದು ಕಂಪ್ಯೂಟರ್ ಊಹಿಸಲು ಹೋಗುವುದಿಲ್ಲ, ಸವಾರಿಯನ್ನೇ ನಿಲ್ಲಿಸಿಬಿಡುತ್ತದೆ. ಹೊರಗೆ ನಿಂತವರ ಕಣ್ಣಿಗೆ ಅದು ‘ಮತ್ತೆ ಕೆಟ್ಟಿತು’. ಒಳಗಿರುವ ನಮಗೆ ಅದು ‘ಮಾಡಬೇಕಾದ ಕೆಲಸವನ್ನು ಮಾಡಿತು’. ಜಪಾನಿನ ಫುಜಿ-ಕ್ಯೂ ಹೈಲ್ಯಾಂಡ್‌ನ ದೊ-ದೊದೊನ್ಪಾ ನಿಂತದ್ದು ಇದಕ್ಕಿಂತ ತೀರ ಬೇರೆ ಕಾರಣಕ್ಕೆ: 1.56 ಸೆಕೆಂಡಿನಲ್ಲಿ ಗಂಟೆಗೆ 180 ಕಿಲೋಮೀಟರ್ ವೇಗಕ್ಕೆ ಒಯ್ಯುತ್ತಿದ್ದ ಆ ಕೋಸ್ಟರ್ ಹತ್ತಿದ ಕೆಲವರಿಗೆ ಮೂಳೆ ಮುರಿದಿರುವ ವರದಿಗಳು ಬಂದವು, 2021ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿದರು, 2024ರಲ್ಲಿ ಶಾಶ್ವತವಾಗಿ ಮುಚ್ಚುವುದಾಗಿ ತಿಳಿಸಿದರು. ಅಂತಹ ನಿರ್ಧಾರದ ಬಗ್ಗೆ ಚರ್ಚೆಗೆ ಎಡೆಯೇ ಇಲ್ಲ.

ಈಗ ಹೈಡ್ರಾಲಿಕ್ ಉಡಾವಣೆಯ ವಿಷಯ. ಇಂಟಮಿನ್ ಕಂಪನಿ ಈ ವ್ಯವಸ್ಥೆಯನ್ನು ಮೊದಲು ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನ ಎಕ್ಸೆಲರೇಟರ್‌ನಲ್ಲಿ 2002ರಲ್ಲಿ ತಂದಿತು. ಅದರ ಮರುವರ್ಷ ಓಹಾಯೋದ ಸೀಡರ್ ಪಾಯಿಂಟ್‌ನಲ್ಲಿ 128 ಮೀಟರ್ ಎತ್ತರದ ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್ ಬಂತು, 2005ರಲ್ಲಿ ಕಿಂಗ್ಡಾ ಕಾ. ತತ್ತ್ವ ಸರಳವಾದದ್ದು. ಪಂಪ್‌ಗಳು ಎಣ್ಣೆಯನ್ನು ದೊಡ್ಡ ಸಿಲಿಂಡರ್‌ಗಳಿಗೆ ತುಂಬಿ ಅದರೊಳಗಿನ ನೈಟ್ರೋಜನ್ ಅನಿಲವನ್ನು ಒತ್ತುತ್ತವೆ. ಅಗತ್ಯವಾದ ಒತ್ತಡ ಕೂಡಿದ ಮೇಲೆ ಕವಾಟಗಳು ತೆರೆದುಕೊಂಡು, ಆ ಎಣ್ಣೆ ಒಮ್ಮೆಗೇ ಹಲವು ಮೋಟಾರ್‌ಗಳನ್ನು ತಿರುಗಿಸುತ್ತದೆ. ಮೋಟಾರ್‌ಗಳು ಒಂದು ದೊಡ್ಡ ಉರುಳೆಯನ್ನು ತಿರುಗಿಸುತ್ತವೆ. ಉರುಳೆಗೆ ಸುತ್ತಿಕೊಳ್ಳುವ ಉಕ್ಕಿನ ಹಗ್ಗ, ಹಳಿಯ ನಡುವಿನ ಕಾಲುವೆಯಲ್ಲಿರುವ ಸೆಳೆಬಂಡಿಯನ್ನು ಎಳೆಯುತ್ತದೆ. ಸೆಳೆಬಂಡಿಗೆ ಕೊಕ್ಕೆ ಹಾಕಿಕೊಂಡ ಗಾಡಿ ಅದರೊಂದಿಗೆ ಹಾರಿಹೋಗುತ್ತದೆ. ಗಾಡಿ ಕಳಚಿಕೊಂಡು ಮುಂದೆ ಹೋದ ಕೂಡಲೇ ಅಷ್ಟೇ ವೇಗದಲ್ಲಿರುವ ಸೆಳೆಬಂಡಿಯನ್ನು ಹಿಡಿದು ನಿಲ್ಲಿಸಬೇಕು, ಹಿಂದಕ್ಕೆ ತರಬೇಕು, ಮತ್ತೆ ಒತ್ತಡ ತುಂಬಬೇಕು. ದಿನಕ್ಕೆ ನೂರಾರು ಸಲ ಇದೇ ಕೆಲಸ.

ಕಷ್ಟ ಅಡಗಿರುವುದು ಈ ಸರಪಳಿಯ ಉದ್ದದಲ್ಲಿ. ಪಂಪ್, ಕವಾಟ, ಮೋಟಾರ್, ಉರುಳೆ, ಹಗ್ಗ, ಸೆಳೆಬಂಡಿ, ಕೊಕ್ಕೆ, ಏರಿಳಿಯುವ ಬ್ರೇಕ್ ಫಲಕಗಳು ಇವುಗಳಲ್ಲಿ ಯಾವುದೊಂದು ತಡವರಿಸಿದರೂ ಎಲ್ಲವೂ ನಿಲ್ಲಬೇಕು. ಕಿಂಗ್ಡಾ ಕಾ ಆರಂಭವಾದ ಮೂರೇ ವಾರಗಳಲ್ಲಿ, 2005ರ ಜೂನ್‌ನಲ್ಲಿ, ಉಡಾವಣಾ ಕಾಲುವೆಯ ಬೋಲ್ಟ್ ಒಂದು ಸೋತು, ಅದರಿಂದ ಹಗ್ಗಕ್ಕೆ ಹಾನಿಯಾಗಿ, ಆಗಸ್ಟ್‌ವರೆಗೆ ಸವಾರಿ ನಿಂತಿತ್ತು. ಒಂದು ಬೋಲ್ಟ್!

ನಮ್ಮಲ್ಲಿ ಬೆಳಗಿನ ಜಾವದ ಮೊದಲ ಕೆಲಸ ಹಗ್ಗದ ಪರೀಕ್ಷೆ. ಒಬ್ಬರು ಉರುಳೆಯನ್ನು ಅತಿ ನಿಧಾನವಾಗಿ ತಿರುಗಿಸುತ್ತಿದ್ದರೆ ಇನ್ನೊಬ್ಬರು ದಪ್ಪ ಕೈಗವಸು ತೊಟ್ಟು ಹತ್ತಿಬಟ್ಟೆಯ ತುಂಡನ್ನು ಹಗ್ಗದ ಸುತ್ತ ಸಡಿಲವಾಗಿ ಹಿಡಿದುಕೊಂಡಿರುತ್ತಿದ್ದರು. ಒಳಗೆ ಎಲ್ಲಾದರೂ ಒಂದು ಎಳೆ ಮುರಿದು ಮುಳ್ಳಿನಂತೆ ಹೊರಗೆ ಚಾಚಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಮುರಿತವನ್ನು ಬಟ್ಟೆ ಹಿಡಿದುಕೊಡುತ್ತದೆ. ಸಿಕ್ಕಿಕೊಂಡ ಜಾಗಕ್ಕೆ ಗುರುತು ಹಾಕಿ, ಎಣಿಸಿ, ಬರೆದುಕೊಂಡು, ಎಣಿಕೆ ಮಿತಿ ಮೀರಿದರೆ ಹಗ್ಗವನ್ನೇ ಬದಲಿಸಬೇಕು. ಹಗ್ಗ ಬದಲಿಸುವುದೆಂದರೆ ಆ ದಿನ ಬಾಗಿಲು ತೆರೆಯುವುದಿಲ್ಲ. ಹೊರಗೆ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂಬ ಫಲಕ ಕಂಡು ನಿಟ್ಟುಸಿರು ಬಿಟ್ಟವರಿಗೆ ಆ ಬಟ್ಟೆಯ ತುಂಡಿನ ಸಂಗತಿ ಗೊತ್ತಿರುವುದಿಲ್ಲ.

ಇದರ ಜೊತೆಗೆ ಗಾಳಿಯ ಕಾಟ. ಘರ್ಷಣೆ ಇಲ್ಲವೇ ಇಲ್ಲ ಎಂದುಕೊಂಡರೂ 139 ಮೀಟರ್ ಎತ್ತರ ಏರಲು ಗಾಡಿಗೆ ಗಂಟೆಗೆ ಸುಮಾರು 188 ಕಿಲೋಮೀಟರ್ ವೇಗ ಬೇಕು. ಯಂತ್ರ ಕೊಡುತ್ತಿದ್ದುದು 206. ನಡುವೆ ಉಳಿಯುವ ಅಷ್ಟು ಅಂತರದಲ್ಲೇ ಎದುರುಗಾಳಿ, ಚಕ್ರಗಳ ಘರ್ಷಣೆ ಎಲ್ಲವೂ ಅಡಗಬೇಕು. ಅಡಗದೆ ಹೋದ ದಿನ ಗಾಡಿ ತುದಿ ಮುಟ್ಟದೆ ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತಿತ್ತು. ಅದಕ್ಕೆ ರೋಲ್‌ಬ್ಯಾಕ್ ಎನ್ನುತ್ತೇವೆ. ಅಂತಹ ಸಂದರ್ಭಕ್ಕಾಗಿಯೇ ಆ ಬ್ರೇಕ್ ಫಲಕಗಳು ಮತ್ತೆ ಮೇಲೆದ್ದು ಗಾಡಿಯನ್ನು ಆಯಸ್ಕಾಂತದ ಬಲದಿಂದ ತಡೆಯುತ್ತವೆ. ಅಭಿಮಾನಿಗಳಿಗೆ ರೋಲ್‌ಬ್ಯಾಕ್ ಸಿಕ್ಕರೆ ಅದೃಷ್ಟ ಒಲಿದಂತೆ. ಬೇರೆಯವರಿಗೆ ಸಿಗದ ಒಂದು ಓಟ ತಮಗೆ ಸಿಕ್ಕಿತೆಂಬ ಸಂತೋಷ ಅವರದು.

ಉಳಿಸಬಹುದಿತ್ತೇ ಎಂದರೆ, ಹಣ ಮತ್ತು ಮನಸ್ಸು ಎರಡೂ ಇದ್ದರೆ ಬಹುತೇಕ ಯಾವ ಯಂತ್ರವನ್ನೂ ಉಳಿಸಬಹುದು. ಆದರೆ ಹೈಡ್ರಾಲಿಕ್ ತೆಗೆದು ಆ ಜಾಗದಲ್ಲಿ ವಿದ್ಯುತ್ ಆಯಸ್ಕಾಂತದ ಮೋಟಾರ್‌ಗಳನ್ನು ಕೂರಿಸಿದರೆ ಕೆಲಸ ಮುಗಿಯಿತು ಎಂದು ತಿಳಿಯಬಾರದು. ಸೀಡರ್ ಪಾಯಿಂಟ್‌ನವರು ಅದನ್ನೇ ಮಾಡಲು ಹೊರಟಾಗ, ಗಾಡಿಯನ್ನು ಮೊದಲು ಮುಂದಕ್ಕೆ, ಬಳಿಕ ಹಿಂದಕ್ಕೆ, ಮತ್ತೆ ಮುಂದಕ್ಕೆ ಹೀಗೆ ಮೂರು ಸಲ ದೂಡಿ ವೇಗ ಕೂಡಿಸಬೇಕಾಯಿತು, ಹಿಂದಕ್ಕೆ ಹೋದಾಗ ಏರಲು ಇನ್ನೊಂದು ಎತ್ತರದ ಗೋಪುರವನ್ನೇ ಕಟ್ಟಬೇಕಾಯಿತು, ಗಾಡಿಗಳೂ ಹೊಸವು. ಹಳೆಯದರಲ್ಲಿ ಉಳಿದದ್ದು ಮುಖ್ಯವಾಗಿ ಮೂಲ ಗೋಪುರ. ಹೀಗಿರುವಾಗ ಒಂದು ಆಡಳಿತ ಮಂಡಳಿ ಲೆಕ್ಕ ಹಾಕಿ ‘ಬೇಡ’ ಎಂದರೆ ನಾನು ಅವರನ್ನು ದೂಷಿಸಲಾರೆ.

ಇಷ್ಟು ಹೇಳಿದ ಮೇಲೂ ಒಂದು ಮಾತು. ನಾನು ನೋಡಿಕೊಳ್ಳುತ್ತಿದ್ದ ಕೋಸ್ಟರನ್ನು ನಿಲ್ಲಿಸುವ ತೀರ್ಮಾನ ಹೊರಬಿದ್ದ ಮರುದಿನ ಬೆಳಿಗ್ಗೆ ನಾವಿಬ್ಬರು ಅಭ್ಯಾಸಬಲದಿಂದ ಅದೇ ಹೊತ್ತಿಗೆ ಹೋಗಿ ಬಾಗಿಲು ತೆರೆದೆವು. ಬಟ್ಟೆಯ ತುಂಡು ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಮಾಡಲು ಕೆಲಸವಿರಲಿಲ್ಲ. ಆದ್ದರಿಂದ ನಿಮ್ಮ ದುಃಖ ಅರ್ಥವಿಲ್ಲದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಉತ್ತರ 2: ಸಾಲಿನ ಕೊನೆಯವಳು

ಮೆಕ್ಯಾನಿಕ್ ಅವರ ವಿವರಣೆಯನ್ನು ಗೌರವದಿಂದ ಓದಿದೆ. ಆದರೂ ಹಳಿಪ್ರಿಯ ಅವರ ಆಪ್ತರ ಪರವಾಗಿ ಯಾರಾದರೂ ಮಾತನಾಡಬೇಕಾಗಿದೆ.

ಒಂದು ಕೋಸ್ಟರ್‌ಗಾಗಿಯೇ ಬಹಳ ದೂರ ಪ್ರಯಾಣ ಮಾಡಿ ಹೋದ ನಾನು, ಅದರ ಸಾಲಿನಲ್ಲಿ ಎರಡು ಗಂಟೆ ನಲವತ್ತು ನಿಮಿಷ ನಿಂತೆ. ಮೆಟ್ಟಿಲುಗಳ ಮೇಲಿನ ಕೊನೆಯ ತಿರುವಿಗೆ ಬಂದಾಗ, ಇನ್ನು ನಾಲ್ಕು ಗಾಡಿಗಳಾದರೆ ನನ್ನ ಸರದಿ ಎಂದು ಲೆಕ್ಕ ಹಾಕುತ್ತಿದ್ದಾಗ, ಪಂಪ್‌ಗಳ ಗುಂಯ್‌ಗುಡುವ ಸದ್ದು ಇಳಿಯುತ್ತಾ ಹೋಗಿ ನಿಂತಿತು. ಮೊದಲು ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ನನ್ನ ಮುಂದೆ ನಿಂತಿದ್ದ ಹುಡುಗನಿಗೆ ಹನ್ನೊಂದೋ ಹನ್ನೆರಡೋ ವರ್ಷವಿದ್ದಿರಬೇಕು. ಹಿಂದಿನ ಸಲ ಬಂದಾಗ ಎತ್ತರ ಸಾಲದೆ ತನ್ನನ್ನು ಹತ್ತಿಸಿರಲಿಲ್ಲವೆಂದು ಅವನು ಆಗಲೇ ನನಗೆ ಹೇಳಿದ್ದ. ಅವನ ತಂದೆ ಅವನ ಹೆಗಲ ಮೇಲೆ ಕೈಯಿಟ್ಟು ‘ಸರಿಹೋಗುತ್ತದೆ ಮಗಾ, ಸ್ವಲ್ಪ ತಾಳು’ ಎಂದರು. ಒಂದು ಗಂಟೆ ಕಳೆದ ಮೇಲೆ ನಮ್ಮನ್ನೆಲ್ಲ ಅದೇ ಮೆಟ್ಟಿಲುಗಳಿಂದ ಕೆಳಗಿಳಿಸಿದರು. ಆ ಹುಡುಗ ಅಳಲಿಲ್ಲ. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ತಿರುಗಿ ತಿರುಗಿ ನೋಡುತ್ತಿದ್ದ.

ಅಭಿಮಾನಿಗಳು ರೋಲ್‌ಬ್ಯಾಕ್ ಸಿಕ್ಕಿತೆಂದು ಹಿಗ್ಗುತ್ತಾರೆ. ವರ್ಷಕ್ಕೆ ಹತ್ತು ಸಲ ಹೋಗಬಲ್ಲವರಿಗೆ ಒಂದು ದಿನ ಮುಚ್ಚಿದ್ದರೆ ಇನ್ನೊಂದು ದಿನವಿದೆ. ಜೀವಮಾನದಲ್ಲಿ ಒಂದೇ ಸಲ ಬರುವ ಕುಟುಂಬಕ್ಕೆ ಆ ಇನ್ನೊಂದು ದಿನವಿಲ್ಲ. ಪಾರ್ಕ್ ಮೊದಲು ನೆನೆಯಬೇಕಾದದ್ದು ಇವರನ್ನೇ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.

ಹಾಗೆಂದು ಹೊಸದನ್ನು ತಂದರೆ ತೊಂದರೆ ತೀರುತ್ತದೆ ಎಂದೂ ಅಲ್ಲ. ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್‌ನಿಂದ 2021ರ ಆಗಸ್ಟ್‌ನಲ್ಲಿ ಲೋಹದ ಭಾಗವೊಂದು ಕಳಚಿ ಬಿದ್ದು ಸಾಲಿನಲ್ಲಿ ನಿಂತಿದ್ದ ಮಹಿಳೆಯೊಬ್ಬರು ತೀವ್ರವಾಗಿ ಗಾಯಗೊಂಡರು. ಅದು ಮತ್ತೆ ಓಡಲಿಲ್ಲ, ಮರುವರ್ಷ ನಿವೃತ್ತಿ ಘೋಷಣೆಯಾಯಿತು. ಅದರ ಹೊಸ ರೂಪವಾದ ಟಾಪ್ ಥ್ರಿಲ್ 2 ಅನ್ನು 2024ರ ಮೇ 4ರಂದು ತೆರೆದರು. ಒಂದು ವಾರವಾಗುತ್ತಲೇ ಗಾಡಿಗಳಲ್ಲಿ ಮಾರ್ಪಾಡು ಬೇಕಾಗಿ ಬಂದು ಆ ವರ್ಷವೆಲ್ಲ ನಿಂತಿತು, ಮತ್ತೆ ಓಡಿದ್ದು 2025ರಲ್ಲಿ. ಆದ್ದರಿಂದ ನನ್ನ ಬೇಡಿಕೆ ಹಳೆಯದು ಬೇಡ, ಹೊಸದು ಬೇಕು ಎಂಬುದಲ್ಲ. ಗಾಡಿ ಓಡಲಿ ಎಂಬುದಷ್ಟೇ. ಎತ್ತರ ಮೂವತ್ತು ಮೀಟರ್ ಕಡಿಮೆಯಾದರೂ ಆಗಲಿ, ಆ ಹುಡುಗ ನಿಂತ ದಿನ ಅದು ಓಡಲಿ.

ಉತ್ತರ 3: ಮರದ ಹಳಿ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತಲೇ, ಚರ್ಚೆ ಉಕ್ಕಿನ ಕೋಸ್ಟರ್‌ಗಳ ಸುತ್ತಲೇ ತಿರುಗುತ್ತಿರುವುದರಿಂದ ಮರದ ಕೋಸ್ಟರ್‌ಗಳ ಕಡೆಗೂ ನಿಮ್ಮ ಗಮನ ಸೆಳೆಯಲು ಇಚ್ಛಿಸುತ್ತೇನೆ. ಕೈಬಿಟ್ಟದ್ದನ್ನು ಮರಳಿ ಪಡೆದ ಉದಾಹರಣೆಗಳು ಅಲ್ಲಿ ಹೆಚ್ಚು.

ಪೆನ್ಸಿಲ್ವೇನಿಯಾದ ನೋಬಲ್ಸ್ ಪಾರ್ಕ್‌ನಲ್ಲಿರುವ ಫೀನಿಕ್ಸ್ ಮೊದಲು ಇದ್ದದ್ದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ, ರಾಕೆಟ್ ಎಂಬ ಹೆಸರಿನಲ್ಲಿ. ಅದಿದ್ದ ಪಾರ್ಕ್ 1980ರಲ್ಲಿ ಮುಚ್ಚಿಹೋಯಿತು, ಕೋಸ್ಟರ್ ಬಿಸಿಲು ಮಳೆಗೆ ಸಿಕ್ಕಿ ಹಾಗೆಯೇ ನಿಂತಿತ್ತು. ಅದನ್ನು ಕೊಂಡವರು ಮರದ ತುಂಡುಗಳಿಗೆ ಗುರುತು ಹಾಕಿ ಬಿಚ್ಚಿ, ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಲಾರಿಗಳಲ್ಲಿ ಸಾಗಿಸಿ, ಮತ್ತೆ ಜೋಡಿಸಿ 1985ರಲ್ಲಿ ಓಡಿಸಿದರು. ಇವತ್ತು ಅದನ್ನು ಜಗತ್ತಿನ ಅತ್ಯುತ್ತಮ ಮರದ ಕೋಸ್ಟರ್‌ಗಳಲ್ಲಿ ಒಂದೆಂದು ಎಣಿಸುವವರು ಬಹಳ ಮಂದಿ ಇದ್ದಾರೆ. ಅದೇ ರಾಜ್ಯದ ಅಲ್ಟೂನಾದಲ್ಲಿ 1902ರಲ್ಲಿ ಕಟ್ಟಿದ ಲೀಪ್-ದ-ಡಿಪ್ಸ್ ಕೋಸ್ಟರ್ 1985ರಲ್ಲಿ ನಿಂತುಹೋಗಿತ್ತು. ಅದರ ಮೇಲೆ ಪ್ರೀತಿಯಿದ್ದವರು ಹಣ ಕೂಡಿಸಿ, ದುರಸ್ತಿ ಮಾಡಿಸಿ, 1999ರಲ್ಲಿ ಮತ್ತೆ ತೆರೆಯಿಸಿದರು. ಹದಿನಾಲ್ಕು ವರ್ಷ! ಇಷ್ಟು ದೀರ್ಘಕಾಲ ಒಂದು ಯಂತ್ರಕ್ಕಾಗಿ ದುಡಿದವರಿದ್ದಾರೆಂದರೆ, ಅಭಿಮಾನಿಗಳ ದುಃಖವನ್ನು ನಿರರ್ಥಕವೆಂದು ಹೇಗೆ ಹೇಳುವುದು?

ಆದರೆ ಎಲ್ಲವೂ ಫೀನಿಕ್ಸ್ ಆಗಲಾರವು. ಓಹಾಯೋದ ಕಿಂಗ್ಸ್ ಐಲೆಂಡ್‌ನಲ್ಲಿ 2000ದಲ್ಲಿ ಆರಂಭವಾದ ಸನ್ ಆಫ್ ಬೀಸ್ಟ್ 66 ಮೀಟರ್ ಎತ್ತರದ ಮರದ ಕೋಸ್ಟರ್. ಅದಕ್ಕೆ ಪೂರ್ತಿ ತಲೆಕೆಳಗಾಗಿ ಸುತ್ತುವ ಲೂಪ್ ಕೂಡ ಇತ್ತು. ಆ ಎತ್ತರ, ಆ ವೇಗ, ಆ ಗಾಡಿಗಳ ತೂಕ ಮರದ ಮೇಲೆ ಹೇರುತ್ತಿದ್ದ ಬಲ ಎಷ್ಟಿದ್ದಿರಬೇಕೆಂದು ಯೋಚಿಸಿ. 2006ರ ಜುಲೈನಲ್ಲಿ ಚೌಕಟ್ಟಿನ ಮರ ಸೋತು ಹಳಿಯಲ್ಲಿ ತಗ್ಗು ಉಂಟಾಗಿ 27 ಮಂದಿಗೆ ಗಾಯಗಳಾದವು. ಲೂಪ್ ತೆಗೆದು ಹಗುರವಾದ ಗಾಡಿಗಳನ್ನು ಹಾಕಿ ಮತ್ತೆ ಓಡಿಸಿದರು. 2009ರಲ್ಲಿ ಮತ್ತೊಂದು ದೂರು ಬಂದ ಮೇಲೆ ನಿಂತದ್ದು ಮತ್ತೆ ಓಡದೆ 2012ರಲ್ಲಿ ನೆಲಸಮವಾಯಿತು. ನಾನು ಮರದ ಕೋಸ್ಟರ್‌ಗಳನ್ನು ಎಷ್ಟೇ ಪ್ರೀತಿಸಿದರೂ ಆ ನಿರ್ಧಾರ ತಪ್ಪೆಂದು ಹೇಳಲಾರೆ.

ಇವೆರಡರ ನಡುವೆ ಮೂರನೆಯ ದಾರಿಯೂ ಒಂದಿದೆ. ಸೀಡರ್ ಪಾಯಿಂಟ್‌ನ ಮೀನ್ ಸ್ಟ್ರೀಕ್ 1991ರಿಂದ ಓಡುತ್ತಿದ್ದ ಮರದ ಕೋಸ್ಟರ್. ವಯಸ್ಸಾದಂತೆ ಎಷ್ಟು ಕುಲುಕುತ್ತಿತ್ತೆಂದರೆ ಇಳಿದವರು ಬೆನ್ನು ಸವರಿಕೊಳ್ಳುತ್ತಿದ್ದರು. 2016ರಲ್ಲಿ ಅದನ್ನು ನಿಲ್ಲಿಸಿ, ಮರದ ಚೌಕಟ್ಟಿನ ಬಹುಭಾಗವನ್ನು ಉಳಿಸಿಕೊಂಡು ಮೇಲೆ ಉಕ್ಕಿನ ಹಳಿ ಹಾಕಿ, 2018ರಲ್ಲಿ ಸ್ಟೀಲ್ ವೆಂಜನ್ಸ್ ಎಂಬ ಹೆಸರಿನಲ್ಲಿ ತೆರೆದರು. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನವರು 1994ರ ತಮ್ಮ ನೆಮಿಸಿಸ್ ಕೋಸ್ಟರನ್ನು 2022ರ ಕೊನೆಯಲ್ಲಿ ನಿಲ್ಲಿಸಿ, ಹಳಿಯನ್ನು ಹೊಸದಾಗಿ ಮಾಡಿಸಿ, 2024ರಲ್ಲಿ ಮತ್ತೆ ಜನರಿಗೆ ಕೊಟ್ಟರು. ಹಳೆಯ ಅಭಿಮಾನಿಗಳು ಇದನ್ನು ಹೇಗೆ ಸ್ವೀಕರಿಸಬೇಕು ಎಂಬುದರಲ್ಲಿ ಒಮ್ಮತವಿಲ್ಲ. ನನ್ನ ಮಟ್ಟಿಗೆ, ಮರದ ಹಳಿಯ ಮೇಲಿನ ಓಟ ಉಕ್ಕಿನ ಹಳಿಗೆ ಬಂದ ಮೇಲೆ ಅದು ಬೇರೆಯದೇ ಕೋಸ್ಟರ್. ನೆಮಿಸಿಸ್‌ನಂತೆ ಅದೇ ಬಳುಕು, ಅದೇ ತಿರುವು ಉಳಿದಿದ್ದರೆ ಅದು ಹಳೆಯದೇ.

ಹಳಿಪ್ರಿಯ ಅವರ ಮೂರನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ಪಾರ್ಕ್‌ನವರು ಯಂತ್ರವನ್ನು ಉಳಿಸಲೇಬೇಕೆಂದು ಕೇಳುವ ಹಕ್ಕು ನಮಗಿಲ್ಲದಿರಬಹುದು, ಕೊನೆಯ ದಿನ ಯಾವುದೆಂದು ಮೊದಲೇ ಹೇಳಿ ಎಂದು ಕೇಳುವ ಹಕ್ಕು ಖಂಡಿತ ಇದೆ. 1987ರ ವೊರ್ಟೆಕ್ಸ್ ಕೋಸ್ಟರ್‌ನ ಆಯುಷ್ಯ ಮುಗಿಯಿತೆಂದು ಕಿಂಗ್ಸ್ ಐಲೆಂಡ್‌ನವರು 2019ರಲ್ಲಿ ಸುಮಾರು ಒಂದು ತಿಂಗಳು ಮುಂಚಿತವಾಗಿ ಪ್ರಕಟಿಸಿದರು. ಅಕ್ಟೋಬರ್ 27ರ ಕೊನೆಯ ಓಟದವರೆಗೆ ಬರಬೇಕೆಂದಿದ್ದವರು ಬಂದು, ಹತ್ತಿ, ಫೋಟೋ ತೆಗೆಸಿಕೊಂಡು, ತೃಪ್ತಿಯಿಂದ ಹೋದರು. ಅದೇ ವರ್ಷದ ಫೆಬ್ರುವರಿಯಲ್ಲಿ ವರ್ಜೀನಿಯಾದ ಕಿಂಗ್ಸ್ ಡೊಮಿನಿಯನ್‌ನಲ್ಲಿ ವೊಲ್ಕೇನೋ ಎಂಬ ಕೋಸ್ಟರ್‌ಗೆ ಆ ಭಾಗ್ಯ ಸಿಗಲಿಲ್ಲ. 1998ರಿಂದ ಓಡಿದ್ದ ಅದು ಹಿಂದಿನ ವರ್ಷದ ಬಹುಕಾಲ ನಿಂತೇ ಇತ್ತು. ಚಳಿಗಾಲದಲ್ಲಿ ಪಾರ್ಕ್ ಮುಚ್ಚಿದ್ದಾಗ ಇನ್ನು ತೆರೆಯುವುದಿಲ್ಲವೆಂಬ ಸುದ್ದಿ ಬಂತು. ವೊರ್ಟೆಕ್ಸ್ ಬಗ್ಗೆ ಮಾತನಾಡುವಾಗ ಜನ ನಗುನಗುತ್ತಾ ನೆನಪು ಮಾಡಿಕೊಳ್ಳುತ್ತಾರೆ. ವೊಲ್ಕೇನೋ ಹೆಸರೆತ್ತಿದರೆ ಇವತ್ತಿಗೂ ದನಿ ಬದಲಾಗುತ್ತದೆ.

ಸಾಲಿನ ಕೊನೆಯವಳು ಅವರೇ, ನಿಮ್ಮ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಆ ಹುಡುಗನಂಥವರಿಗೂ ಮುಂಚಿತವಾದ ಒಂದು ಪ್ರಕಟಣೆ ಉಪಕಾರವನ್ನೇ ಮಾಡುತ್ತದೆ. ಯಾವ ಸವಾರಿ ಹೋಗಲಿದೆ, ಯಾವುದು ದುರಸ್ತಿಯಲ್ಲಿದೆ ಎಂದು ತಿಳಿದು ಹೊರಡುವ ತಂದೆ ಮಗನಿಗೆ ಬೇರೆ ದಿನದ, ಬೇರೆ ಸವಾರಿಯ ಆಸೆ ತೋರಿಸಬಲ್ಲರು.

ಹಳಿಪ್ರಿಯ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು.

ಮೆಕ್ಯಾನಿಕ್ ಅವರೇ, ಬಟ್ಟೆಯ ತುಂಡಿನ ವಿಷಯವನ್ನು ನನ್ನ ಆಪ್ತರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಲ್ಲಿಸಿದ್ದರಿಂದಲೇ ಯಾರಿಗೂ ಏನೂ ಆಗಲಿಲ್ಲ ಎಂದಾಯಿತಲ್ಲವೇ’ ಎಂದು ಕೇಳಿದರು. ಹೌದೆಂದೆ. ಆದರೂ ಸವಾರಿ ಹೋದದ್ದು ಸರಿಯೆಂಬ ತಮ್ಮ ನಿಲುವನ್ನು ಅವರು ಬದಲಿಸಿಲ್ಲ. ಸಾಲಿನ ಕೊನೆಯವಳು ಅವರ ಉತ್ತರವನ್ನು ಓದಿದ ಮೇಲೆ ನಾನೂ ಅವರೊಂದಿಗೆ ವಾದ ಮುಂದುವರಿಸಲಿಲ್ಲ. ಆ ಹುಡುಗ ಮೆಟ್ಟಿಲಿಳಿಯುವಾಗ ತಿರುಗಿ ನೋಡಿದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಮರದ ಹಳಿ ಅವರು ಹೇಳಿದಂತೆ, ನನ್ನ ದೂರು ಇದ್ದದ್ದು ಸ್ಫೋಟದ ಮೇಲಲ್ಲ, ಆ ನಾಲ್ಕು ದಿನಗಳ ಮೇಲೆ, ಅಂದರೆ 10ರಿಂದ 14ರವರೆಗಿನ ಮೌನದ ಮೇಲೆ ಎಂಬುದು ಈಗ ನನಗೇ ಸ್ಪಷ್ಟವಾಗಿದೆ.

ಹೈಡ್ರಾಲಿಕ್ ಉಡಾವಣೆಯ ಕೋಸ್ಟರ್‌ಗಳು ಒಂದೊಂದಾಗಿ ಕಡಿಮೆಯಾಗುತ್ತಿರುವುದರಿಂದ, ಇರುವಾಗಲೇ ಇನ್ನೊಂದನ್ನು ಹತ್ತಬೇಕೆಂದು ನಿಶ್ಚಯಿಸಿದ್ದೇನೆ. ಇಂಗ್ಲೆಂಡಿನ ಥಾರ್ಪ್ ಪಾರ್ಕ್‌ನ ಸ್ಟೆಲ್ತ್ 2006ರದ್ದು, ಎತ್ತರದಲ್ಲಿ ಕಿಂಗ್ಡಾ ಕಾದ ಅರ್ಧಕ್ಕಿಂತ ಕಡಿಮೆ. ಕೆಲಸ ಮಾಡುವ ತತ್ತ್ವ ಮಾತ್ರ ಅದೇ. ಮೆಕ್ಯಾನಿಕ್ ಅವರೇ, ಅಂತಹ ಯಂತ್ರದಲ್ಲಿ ಕುಳಿತಾಗ ನಾನು ಯಾವುದಕ್ಕೆ ಕಿವಿಗೊಡಬೇಕು?

ಹಳೆಯ ಮೆಕ್ಯಾನಿಕ್

ಹಿಂದಿನ ಸಾಲಿನ ಆಸನ ಸಿಕ್ಕರೂ ಬೇಸರಪಡಬೇಡಿ, ಎಳೆತ ಅಲ್ಲಿಯೂ ಅಷ್ಟೇ ಇರುತ್ತದೆ. ಗಾಡಿ ಉಡಾವಣೆಯ ಜಾಗಕ್ಕೆ ಬಂದು ನಿಂತ ಮೇಲೆ ಕೆಳಗೆ ಸೆಳೆಬಂಡಿಗೆ ಕೊಕ್ಕೆ ಕೂರುವುದನ್ನು ಕಿವಿಗಿಂತ ಮೊದಲು ನಿಮ್ಮ ಆಸನ ಗುರುತಿಸುತ್ತದೆ, ಸಣ್ಣದೊಂದು ಕುಲುಕು. ನೀವು ಕಿಂಗ್ಡಾ ಕಾದಲ್ಲಿ ‘ತುಸು ಹಿಂದಕ್ಕೆ ಸರಿಯಿತು’ ಎಂದು ಬರೆದಿರಲ್ಲ, ಅದೂ ಆ ಸಿದ್ಧತೆಯದೇ ಭಾಗ. ಬಳಿಕ ಬ್ರೇಕ್ ಫಲಕಗಳು ಇಳಿಯುವ ಸದ್ದು ಮುಂದಕ್ಕೆ ಓಡಿಹೋಗುತ್ತದೆ. ಅದು ನಿಂತ ಮೇಲೆ ಉಳಿಯುವ ಮೌನದಲ್ಲಿ ಪಕ್ಕದವರ ಕಡೆ ತಿರುಗಬೇಡಿ, ತಲೆಯನ್ನು ಆಸನಕ್ಕೆ ಒರಗಿಸಿಕೊಂಡೇ ಇರಿ. ಅವರು ಏನಾದರೂ ಹೇಳಬೇಕೆಂದಿದ್ದರೆ ಇಳಿದ ಮೇಲೆ ಹೇಳಲಿ. ಈ ಸಲ ನೀವೇ ಕೇಳಿ.